ಬೇವು ಕುಡಿದ ಸನಾದಿ

ರಜಾಕಾರರ ಗದ್ದಲ ಹೆಚ್ಚಾದಾಗ ನಾವು ಕಲಬುರಗಿ ಬಿಟ್ಟು ಕಮಲಾಪುರದ ನನ್ನ ತವರಿಗೆ ಹೋದೆವು. ಅಲ್ಲಿನ ರೋಜಾ ಬಡಾವಣೆಯ ನಮ್ಮ ಬಾಡಿಗೆ ಕೋಣೆಯನ್ನು ನೆರೆಮನೆಯ ಬೀಬಿ ನೋಡಿಕೊಂಡಳು. ದೇವರು ದೊಡ್ಡವನು, ಒಂದು ಲೋಟವೂ ಹೋಗಲಿಲ್ಲ. ಯಜಮಾನರಿಗೆ ಮಾತ್ರ ಲೋಟದ ಚಿಂತೆಯಿರಲಿಲ್ಲ, ತಾವು ಊದುವ ಸನಾದಿಯದೇ ಚಿಂತೆ. ಅದನ್ನೂ ಅದರ ತುದಿಗೆ ಸಿಕ್ಕಿಸಿ ಊದುವ ಜೊಂಡಿನ ಪೀಪಿಯನ್ನೂ ಅರಿವೆಯಲ್ಲಿ ಸುತ್ತಿ, ನಮ್ಮಪ್ಪ ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಇಳಿಸಿದರು. ಹುಳ ಹಿಡಿಯಬಾರದೆಂದು ಜೋಳಕ್ಕೆ ಹಾಕುವ ಬೇವಿನ ಸೊಪ್ಪನ್ನೇ ಜಜ್ಜಿ ಪೀಪಿಯ ಸುತ್ತಲೂ ತುಂಬಿದರು.

ಪೊಲೀಸ್ ಆ್ಯಕ್ಷನ್ ಆಗಿ ಊರು ತಣ್ಣಗಾದ ಮೇಲೆ ನಮ್ಮವರು ಊದಬೇಕಾದ ಮೊದಲ ಲಗ್ನ ಗೊತ್ತಾಯಿತು. ಹುಡುಗಿಯ ಮನೆಯ ಲಗ್ನಗಳಿಗೆ ನಮ್ಮ ಮಾವನವರ ಕಾಲದಿಂದ ನಮ್ಮವರೇ ಊದುವುದು. ಗಂಡಿನ ಕಡೆಯವರು ಕಲಬುರಗಿಯ ಬ್ಯಾಂಡಿಗೆ ಹಟ ಹಿಡಿದಿದ್ದರು. ಹುಡುಗಿಯ ಅಜ್ಜಿ, ಈ ಸಲ ಸನಾದಿಯೇ ಇರಲಿ, ಚೆನ್ನಾಗಿ ಬರದಿದ್ದರೆ ಉಳಿದ ಮೊಮ್ಮಕ್ಕಳಿಗೆ ಬ್ಯಾಂಡು ಎಂದು ತೀರ್ಮಾನ ಹೇಳಿದ್ದರು.

ಸನಾದಿ ಹೊರತೆಗೆದೆವು. ಬಿರುಕಿಲ್ಲ, ಹುಳವಿಲ್ಲ. ಪೀಪಿ ನೆನೆಯಲೆಂದು ಬಾಯಿಗಿಟ್ಟುಕೊಂಡವರು ಮುಖ ಕಿವುಚಿದರು. ಕಹಿ ಒಳಗೆಲ್ಲ ಇಳಿದಿತ್ತು. ನೀರಿಗೆ ಹಾಕಿದೆ, ಹಾಲಿಗೆ ಹಾಕಿದೆ, ಹೋಗಲಿಲ್ಲ. ಬೆಲ್ಲದ ನೀರು ಬೇಡವೆಂದರು, ಅಂಟಿದರೆ ಸ್ವರ ಹೊರಡದು. ಹೊಸ ಪೀಪಿ ಕಟ್ಟಿಕೊಡುವವನು ಗದ್ದಲದಲ್ಲಿ ಊರು ಬಿಟ್ಟಿದ್ದ.

"ಶಿವನ ಹೆಸರು ತಗೊಂಡು ಊದ್ರಿ," ಎಂದೆ.

"ಶಿವ ವಿಷಾನ ಕುಡದಾನ, ಅವಗೇನು? ಊದಾಂವ ನಾ."

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತು ಹೇಗೋ ದಾಟಿತು. ನಡುನಡುವೆ ಹಂದರದ ಹಿಂದಿನಿಂದ ನಾನು ಕೆಂಪು ಬಾಳೆಹಣ್ಣಿನ ಚೂರು ಕೊಡುತ್ತಿದ್ದೆ. ಅವರ ಮುಖ ನೋಡಿದ ಗಂಡಿನ ಸೋದರಮಾವ, "ಊದಾಕ ಬಂದಾರೋ, ಕಷಾಯ ಕುಡ್ಯಾಕ ಬಂದಾರೋ?" ಎಂದು ನಗಿಸಿದ.

ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಹಣ್ಣು ಮುಗಿದಿತ್ತು. ಆಗ ಊದುವುದೋ ನಿಧಾನದ್ದು, ಪೀಪಿ ತುಟಿ ಬಿಡುವಂತಿಲ್ಲ. ಯಜಮಾನರ ಕಣ್ಣಿಂದ ನೀರು ಇಳಿಯತೊಡಗಿತು. ಅದನ್ನು ಕಂಡು ಅಜ್ಜಿ ಅತ್ತರು. ಅಜ್ಜಿಯನ್ನು ಕಂಡು ಹೆಂಗಸರೆಲ್ಲ ಅತ್ತರು. ಕೊನೆಗೆ ಆ ಸೋದರಮಾವನೂ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

"ನಮ್ಮ ಕೂಸಿನ ಸಲುವಾಗಿ ಇಷ್ಟು ಅಳೋ ಮನಷ್ಯಾನ್ನ ಬಿಟ್ಟು ಬ್ಯಾಂಡ್ ತರಸ್ತೀರೇನು?" ಎಂದರು ಅಜ್ಜಿ. "ಉಳದ ಮೂರೂ ಹುಡಿಗ್ಯಾರ ಲಗ್ನಕ್ಕ ಇವರೇ ಊದ್ತಾರ."

ನಾನು ಸೆರಗಿನಲ್ಲಿ ನಗು ಮುಚ್ಚಿ ದೇವರಿಗೆ ಕೈಮುಗಿದೆ. ಮನೆಗೆ ಬಂದು ಪೀಪಿಯನ್ನು ಮತ್ತೆ ಹಾಲಿಗೆ ಹಾಕಲು ಹೋದಾಗ ಯಜಮಾನರು ಕೈ ಹಿಡಿದರು.

"ಬ್ಯಾಡ, ಹಂಗೇ ಇರ್ಲಿ. ಇನ್ನ ಮೂರು ಲಗ್ನ ಅದಾವ."