ಗಾಜನೂರಿನವರೆಗೆ ಒಂದು ನೀರಾವರಿ ಬಾಂಡಿನ ಹಿಂದೆ

ಭದ್ರಾವತಿಯಿಂದ ಬೆಳಿಗ್ಗೆ ಒಂಬತ್ತರ ಪ್ರೈವೇಟ್ ಬಸ್ಸಿನಲ್ಲಿ ನಾವು ಮೂವರು ಹೊರಟೆವು. ಅಕ್ಕ, ಭಾವ ಮತ್ತು ನಾನು. ನವೆಂಬರಿನ ಹಿತವಾದ ಬಿಸಿಲಿತ್ತು. ಶಿವಮೊಗ್ಗಕ್ಕೆ ತಲೆಗೆ ಏಳು ರೂಪಾಯಿ ಟಿಕೆಟ್. ಅಕ್ಕ ಕಿಟಕಿ ಪಕ್ಕ ಕೂತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಾಂಡ್ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಐದು ವರ್ಷದ ಹಿಂದೆ ಭಾವ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಾಗ, ಕೈಗೆ ಬಂದ ಹಣದಲ್ಲಿ ನೀರಾವರಿ ಬಾಂಡ್ ಕೊಳ್ಳಿ ಎಂದವನು ನಾನೇ. ಅಣೆಕಟ್ಟು ಕಟ್ಟಲು ಸರ್ಕಾರದ ಭರವಸೆಯ ಮೇಲೆ ಜನರಿಂದ ಎತ್ತುವ ಸಾಲ ಅದು. ವರ್ಷಕ್ಕೆ ನೂರಕ್ಕೆ ಹನ್ನೆರಡೂವರೆ ಬಡ್ಡಿ. ಆರು ತಿಂಗಳಿಗೊಮ್ಮೆ ಬರುತ್ತಿದ್ದ ಆ ಬಡ್ಡಿಯಲ್ಲೇ ಅವರ ಮನೆ ಬಾಡಿಗೆ ನಡೆಯುತ್ತಿತ್ತು. ಈ ಸಲ ಬಡ್ಡಿ ಬರಲಿಲ್ಲ. ಬಾಡಿಗೆ ಎರಡು ತಿಂಗಳು ನಿಂತಿತ್ತು. ಅಂಚೆಯಲ್ಲಿ ಕಳೆದಿರಬೇಕು, ಹೋಗಿ ಕೇಳೋಣ ಎಂದು ಹಟ ಹಿಡಿದವಳು ಅಕ್ಕ.

"ಬರುತ್ತೆ ಬಿಡೇ, ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತೆ?" ಎಂದು ಭಾವ ಮಲವಗೊಪ್ಪ ದಾಟುವವರೆಗೂ ಹೇಳುತ್ತಲೇ ಇದ್ದರು.

ಬಾಂಡಿನ ಕಚೇರಿ ಶಿವಮೊಗ್ಗದ ವಿನೋಬನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಂಬರ್ ನೋಡಿ, ಒಳಗಿನಿಂದ ಫೈಲು ತಂದಳು.

"ನಿಮ್ಮ ಬಾಂಡ್ ವಾಪಸ್ ಕರೆದಾಗಿದೆಯಲ್ಲ ಅಮ್ಮಾ. ಅಸಲು ತಗೊಂಡು ಹೋಗಿ ಅಂತ ಆಗಸ್ಟಲ್ಲೇ ರಿಜಿಸ್ಟರ್ಡ್ ಕಾಗದ ಕಳಿಸಿದೀವಿ. ತಲುಪಿದ್ದಕ್ಕೆ ಸಹಿನೂ ಇದೆ."

ಆ ಚೀಟಿಯನ್ನು ನಮ್ಮ ಕಡೆ ತಿರುಗಿಸಿದಳು. ಸಹಿ ಭಾವನದು. ತಾರೀಖು ಮೂರು ತಿಂಗಳ ಹಿಂದಿನದು. ನಾನು ಎರಡು ಸಲ ಓದಿದೆ. ಅಕ್ಕ ಒಂದೇ ಸಲ ಓದಿ ಭಾವನ ಮುಖ ನೋಡಿದಳು.

"ಬಾಂಡು ನಮ್ಮ ಹತ್ರಾನೇ ಇದ್ರೆ ಬಡ್ಡಿ ಕೊಡಲೇಬೇಕು ಅಂದ್ಕೊಂಡೆ ಮಾರಾಯ," ಎಂದು ಭಾವ ನನಗೆ ಹೇಳಿದರು. ಅಕ್ಕನಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ.

"ಹಾಗಾಗಲ್ಲ ಯಜಮಾನ್ರೇ. ಕರೆದ ದಿನದಿಂದ ಬಡ್ಡಿ ನಿಂತಿದೆ. ಐದು ವರ್ಷ ಆದ್ಮೇಲೆ ವಾಪಸ್ ಕರೀಬಹುದು ಅಂತ ಹಿಂದುಗಡೆ ಬರೆದಿದೆ ನೋಡಿ."

ಹೌದು, ಬರೆದಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸಿದ ಗಣಿತ ಮೇಷ್ಟ್ರು ನಾನು. ಆ ಸಣ್ಣ ಅಕ್ಷರ ಓದಿರಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತೆ.

"ಅಣೆಕಟ್ಟಿನ ಕೆಲಸ ಮುಗಿಯೋಕೆ ಮುಂಚೆ ಸಾಲ ತೀರಿಸೋದು ಎಂಥ ನ್ಯಾಯ?" ಎಂದರು ಭಾವ.

ಅವಳು ನಕ್ಕಳು. "ಈಗ ನಮಗೆ ಎಂಟರ ಬಡ್ಡಿಗೆ ಸಾಲ ಸಿಗುತ್ತೆ. ನಿಮಗ್ಯಾಕೆ ಹನ್ನೆರಡೂವರೆ ಕೊಡಬೇಕು ಹೇಳಿ? ಅಣೆಕಟ್ಟು ಇನ್ನೂ ಒಂದು ಪೈಸೆ ದುಡಿದಿಲ್ಲ. ಬಡ್ಡಿ ಬರೋದು ಜನರ ತೆರಿಗೆಯಿಂದ. ಸೀರೆ, ಸೋಪು, ಸೈಟಿನ ರಿಜಿಸ್ಟ್ರೇಷನ್ನು, ಸಾರಾಯಿ ಎಲ್ಲದರಿಂದ."

"ಸಾರಾಯಿನಾ?" ಎಂದಳು ಅಕ್ಕ. "ಹಾಗಾದ್ರೆ ನಮ್ಮ ಎದುರುಮನೆಯವನು ಕುಡಿದು ಗಲಾಟೆ ಮಾಡಿದ್ದರಲ್ಲಿ ನಮ್ಮ ಬಾಡಿಗೆನೂ ಇತ್ತು ಅನ್ನಿ."

"ಸ್ವಲ್ಪ ಇತ್ತಮ್ಮಾ."

"ಪಾಪ, ಅವನಿಗೆ ನಾನು ಎಷ್ಟು ಬೈದಿದೀನಿ!"

ಅಸಲನ್ನು ಹೊಸ ಬಾಂಡಿಗೆ ಹಾಕಬಹುದು, ಎಂಟರ ಬಡ್ಡಿ, ಯೋಚನೆ ಮಾಡಿ ನಾಲ್ಕು ಗಂಟೆಯೊಳಗೆ ಬಂದರೆ ಇವತ್ತೇ ಆಗುತ್ತೆ ಎಂದು ಅವಳು ಹೇಳಿದಳು. ಎಂಟು ಅಂದರೆ ಬಾಡಿಗೆಗೆ ಸಾಲದು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಅಷ್ಟನ್ನು ಹೇಳಿದೆ. ಅಕ್ಕ ಪತ್ರವನ್ನು ಮತ್ತೆ ಕವರಿಗೆ ಸೇರಿಸಿ, "ಆ ಅಣೆಕಟ್ಟು ಎಷ್ಟು ದೂರ?" ಎಂದಳು.

ಅಣೆಕಟ್ಟಿರುವ ಗಾಜನೂರು ತೀರ್ಥಹಳ್ಳಿ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ. ಟಿಕೆಟ್ ಐದು ರೂಪಾಯಿ. ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು, ಭಾವ ಹಿಂದಿನ ಸೀಟಿನಲ್ಲಿ. ಇಳಿದ ಮೇಲೆ ಮಂಡಕ್ಕಿ ಕೊಂಡೆವು. ಅಕ್ಕ ಒಂದು ಪೊಟ್ಟಣವನ್ನು ಭಾವನ ಕೈಗೆ ಕೊಟ್ಟಳು. ಅವರು ಅದನ್ನು ಬಿಚ್ಚದೆ ಹಿಡಿದುಕೊಂಡೇ ನಡೆದರು.

ಹಳೆಯ ಅಣೆಕಟ್ಟಿನ ಕೆಳಗೆ ಹೊಸದು ಏಳುತ್ತಿತ್ತು. ಕಂಬಗಳಿಂದ ಕಬ್ಬಿಣದ ಸರಳುಗಳು ಹೊರಗೆ ಚಾಚಿದ್ದವು. ಕಾಂಕ್ರೀಟ್ ಮಿಕ್ಸರಿನ ಸದ್ದಿನಲ್ಲಿ ತುಂಗೆಯ ಸದ್ದು ಕೇಳುತ್ತಿರಲಿಲ್ಲ. ಕಾವಲುಗಾರ ತಡೆದ.

"ಈ ಕಡೆ ಬರಬೇಡಿ. ಯಾರ ಪೈಕಿ?"

"ಸಾಲ ಕೊಟ್ಟೋರ ಪೈಕಿ," ಎಂದಳು ಅಕ್ಕ. ಅವನಿಗೆ ಅರ್ಥವಾಗಲಿಲ್ಲ. "ಈ ನೀರು ಯಾವ ಕಡೆಗೆ ಹೋಗುತ್ತೆ?"

"ಹಾವೇರಿ ಕಡೆಗಂತೆ."

"ನಮ್ಮ ಭದ್ರಾವತಿಗೆ ಇಲ್ವಾ?"

"ನಿಮಗೆ ಭದ್ರಾ ಇದೆಯಲ್ಲಮ್ಮಾ, ಇನ್ನೆಷ್ಟು ನೀರು ಬೇಕು?"

ಅಕ್ಕನಿಗೆ ನಗು ಬಂತು. ಸುಮಾರು ಹತ್ತು ನಿಮಿಷ ಅಲ್ಲೇ ನಿಂತು ನೋಡಿದಳು. ಕಡೆಗೆ, "ಯಾರ್ಯಾರೋ ನಮ್ಮ ಬಾಡಿಗೆ ಕಟ್ಟಿದಾರೆ, ನಮ್ಮ ದುಡ್ಡಿನ ನೀರೂ ಯಾರಿಗೋ ಹೋಗಲಿ. ನಡೀರಿ, ನಾಲ್ಕಾಗುತ್ತೆ," ಎಂದಳು. 'ನಡೀರಿ' ಎಂದದ್ದು ಭಾವನಿಗೆ. ಆ ಕಚೇರಿ ಬಿಟ್ಟ ಮೇಲೆ ಅವಳು ಅವರಿಗೆ ಹೇಳಿದ ಮೊದಲ ಮಾತು ಅದು.

ಮೂರೂ ಮುಕ್ಕಾಲಿಗೆ ಮತ್ತೆ ಕೌಂಟರಿನ ಮುಂದಿದ್ದೆವು. ಹಳೆಯ ಪತ್ರದ ಹಿಂದೆ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಭಾವ ಸಹಿ ಹಾಕಿದರು. ಹೊಸ ಅರ್ಜಿ ಬಂದಾಗ ಅಭ್ಯಾಸದಂತೆ ಪೆನ್ನು ಹಿಡಿದು ತಮ್ಮ ಮುಂದೆ ಎಳೆದುಕೊಂಡರು. ಅಕ್ಕ ಅದನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು.

"ಈ ಸಲ ನನ್ನ ಹೆಸರಲ್ಲಿರಲಿ. ಕಾಗದ ನನಗೇ ಬರಲಿ."

ಭಾವ ಪೆನ್ನು ಕೊಟ್ಟರು. ಅವಳು ಹೆಸರು ಬರೆದಳು, ವಯಸ್ಸು ಬರೆದಳು. ವಿಳಾಸದ ಗೆರೆಗೆ ಬಂದಾಗ ನಿಂತಳು.

"ಯಾವ ಮನೆಯದು ಬರೀಲಿ?"

ಕೌಂಟರಿನವಳು ಗಡಿಯಾರ ನೋಡಿದಳು. ಎಂಟರ ಬಡ್ಡಿಯಲ್ಲಿ ಈಗಿನ ಬಾಡಿಗೆ ಮನೆ ಉಳಿಯುವುದಿಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು.

"ಅದೇ ಮನೆಯದು ಬರಿ," ಎಂದರು ಭಾವ. "ಮುಂದಿನ ಕೋಣೆ ಅಂಗಡಿಗೆ ಬಿಟ್ಟುಕೊಟ್ರೆ ಬಾಡಿಗೆ ಇಳಿಸ್ತೀನಿ ಅಂತ ಓನರ್ ಎರಡು ಸಲ ಕೇಳಿದ. ನಾನೇ ಆಗಲ್ಲ ಅಂದಿದ್ದೆ."

"ಅದನ್ನೂ ಹೇಳಿರಲಿಲ್ಲ ನೀವು."

"ಈಗ ಹೇಳ್ದೆನಲ್ಲ."

ಅಕ್ಕ ತಲೆ ಬಗ್ಗಿಸಿ, ಒಂದೊಂದೇ ಅಕ್ಷರವಾಗಿ, ಮನೆ ನಂಬರಿನಿಂದ ಬರೆಯತೊಡಗಿದಳು.