ಕಂಟ್ರೋಲರ್ ಮನೆಗೆ ಬಂದ ಮೇಲೆ

ಅಪ್ಪ ನಿವೃತ್ತರಾದ ಮೇಲೆ ನಮ್ಮ ಮನೆಯಿಂದ ಯಾರೂ ಸುಮ್ಮನೆ ಹೊರಗೆ ಹೋಗುವಂತಿಲ್ಲ. ಹೊಸ್ತಿಲು ದಾಟುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ಸು. ಕೊತ್ತಂಬರಿ ಸೊಪ್ಪಿಗೆ ಹೋದರೂ ಅಷ್ಟೇ, ಕಸ ಚೆಲ್ಲಲು ಹೋದರೂ ಅಷ್ಟೇ. ಇದನ್ನು ಅನುಮಾನ ಎಂದು ತಿಳಿಯಬೇಡಿ. ಅನುಮಾನವಾಗಿದ್ದರೆ ನೆಟ್ಟಗೆ ಜಗಳವಾಡಬಹುದಿತ್ತು. ಇದು ಬರೀ ಅಭ್ಯಾಸ, ಮತ್ತು ಅಭ್ಯಾಸದ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಅಪ್ಪ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ಐಮಂಗಲದ ಹತ್ತಿರ ಪಂಕ್ಚರಾಗಿ ನಿಂತಿದೆ ಎಂದು ಗುರುತು ಹಾಕಿಕೊಳ್ಳುತ್ತ, ಮೈಕಿನಲ್ಲಿ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಂದು ಕೂಗುತ್ತ ಆಯುಷ್ಯ ಕಳೆದವರು. ಅಷ್ಟು ಊರುಗಳಿಗೆ ಅಷ್ಟು ಜನರನ್ನು ಕಳಿಸಿದ ಮನುಷ್ಯ ತಾನು ಮಾತ್ರ ಎಲ್ಲಿಗೂ ಹೋದವರಲ್ಲ. ಹೋಗುವುದು ಬೇರೆಯವರ ಕೆಲಸ, ಕಳಿಸುವುದು ತನ್ನದು ಎಂಬುದು ಅವರ ಲೋಕದೃಷ್ಟಿ.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಾತಾಡಿದವರೆಲ್ಲ ಒಂದೇ ವಾಕ್ಯ ಹೇಳಿದರು: ‘ನಿಮ್ಮ ವಿಶ್ರಾಂತ ಜೀವನ ನೆಮ್ಮದಿಯಿಂದ ಕೂಡಿರಲಿ.’ ಆ ನೆಮ್ಮದಿಯನ್ನು ಯಾರು ಬೇಯಿಸಿ ಬಡಿಸಬೇಕು ಎಂಬ ವಿಷಯ ಚರ್ಚೆಗೆ ಬರಲಿಲ್ಲ. ಅಮ್ಮ ಪಕ್ಕದ ಕುರ್ಚಿಯಲ್ಲಿ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಟೋದಲ್ಲಿ ಮನೆಗೆ ಬರುವಾಗ ಕೇಳಿದಳು, “ಅಂದ್ರೆ ನಾಳೆಯಿಂದ ಮಧ್ಯಾಹ್ನನೂ ಇಲ್ಲೇ ಇರ್ತೀರಾ?”

“ಮತ್ತೆಲ್ಲಿಗೆ ಹೋಗಲಿ?” ಎಂದರು ಅಪ್ಪ, ನಗುತ್ತ. ಅಮ್ಮ ನಗಲಿಲ್ಲ.

ನಿವೃತ್ತರಿಗೆ ಹವ್ಯಾಸ ಬೇಕು ಎಂದು ಯಾರೋ ಹೇಳಿದರು. ಹೀಗೆ ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಅಪ್ಪ ಮೊದಲು ಪೇಂಟಿನ ಡಬ್ಬಗಳಲ್ಲಿ ಟೊಮೆಟೊ ನೆಟ್ಟು ಮಾಳಿಗೆಯ ಮೇಲಿಟ್ಟರು. ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಗಿಡಗಳು ನಿಂತಲ್ಲೇ ಹಪ್ಪಳವಾದವು. ಆಮೇಲೆ ಒಂದು ಕೊಳಲು ತಂದರು. ಅದರಿಂದ ಗಾಳಿ ಬರುತ್ತಿತ್ತು, ಸ್ವರ ಬರಲಿಲ್ಲ. “ಟೈರಿಗೆ ಗಾಳಿ ತುಂಬಿಸ್ದಂಗೆ ಐತೆ” ಎಂದು ಅಮ್ಮ ಅಭಿಪ್ರಾಯಪಟ್ಟಳು. ಕೊಳಲು ಬೀರುವಿನ ಮೇಲೆ ಹೋಯಿತು. ಕೊನೆಗೆ ಅವರು ಮನೆಗೆಲಸದಲ್ಲಿ ನೆರವಾಗಲು ತೀರ್ಮಾನಿಸಿದರು, ಅಂದರೆ ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರ್ ಬರೆದು ಅಂಟಿಸಿದರು. ಸಾಸಿವೆ ಒಂದನೇ ಪ್ಲಾಟ್‌ಫಾರ್ಮು, ಜೀರಿಗೆ ಎರಡನೆಯದು. ಅಮ್ಮ ಕಣ್ಣು ಮುಚ್ಚಿ ಕೈ ಹಾಕಿದರೆ ಸಿಗುತ್ತಿದ್ದ ಮೆಣಸು ಈಗ ಹುಡುಕಿದರೂ ಸಿಗದಂತಾಯಿತು. ಪಾತ್ರೆ ತೊಳೆಯುವುದು ಮಾತ್ರ ಈ ನೆರವಿನ ವ್ಯಾಪ್ತಿಯಲ್ಲಿ ಇರಲಿಲ್ಲ. ನಾನು ಕೇಳಿದ್ದಕ್ಕೆ, ಅದು ಬೇರೆ ಡಿಪಾರ್ಟ್‌ಮೆಂಟು ಎಂದರು.

ಇದೆಲ್ಲ ಸಹಿಸಬಹುದಿತ್ತು. ಆದರೆ ಬೆಳಗಿನ ವಾಕಿಂಗ್ ಗುಂಪಿಗೆ ಕೃತಜ್ಞತೆ ಅಂಟಿಕೊಂಡಿತು.

ಹೈಸ್ಕೂಲ್ ಮೈದಾನದಲ್ಲಿ ದಿನಾ ಸುತ್ತು ಹಾಕುವ ನಿವೃತ್ತರ ಗುಂಪು ಅದು. ಅವರಲ್ಲೊಬ್ಬರು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಬಂದು, ಪ್ರತಿದಿನ ಸುತ್ತಲಿನವರಿಗೆ ಬಾಯಿ ಬಿಟ್ಟು ಧನ್ಯವಾದ ಹೇಳಿದರೆ ಬಿಪಿ ಇಳಿಯುತ್ತದೆ ಎಂದರಂತೆ. ಗಮನಿಸಬೇಕು: ಬಿಪಿ ಇಳಿಯುವುದು ಹೇಳಿದವರದ್ದು. ಕೇಳಿಸಿಕೊಂಡವರ ಬಿಪಿ ಏನಾಗುತ್ತದೆ ಎಂದು ವಿಡಿಯೊದಲ್ಲಿ ಇರಲಿಲ್ಲ.

ಮರುದಿನ ಅಮ್ಮ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಾಗ ಅಪ್ಪ ಗಂಟಲು ಸರಿಮಾಡಿಕೊಂಡು, ಮೈಕಿನ ಧ್ವನಿಯಲ್ಲಿ “ಧನ್ಯವಾದಗಳು” ಎಂದರು.

ಅಮ್ಮ ತಿರುಗಿ ನೋಡಿದಳು. “ಯಾಕ್ರೀ, ಮೈಗೆ ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಇದು ಕೃತಜ್ಞತೆ.”

“ಯಾರ್ದು?”

“ನಂದು. ನಿನಗೆ.”

“ನಂಗ್ಯಾಕೆ? ನಾನೇನು ಹೋಟ್ಲು ಇಟ್ಟೀನಾ?”

ನಮ್ಮ ಕಡೆ ಮನೆಯೊಳಗೆ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ಥ್ಯಾಂಕ್ಸ್ ಎನ್ನುವುದು ದಾರಿಯಲ್ಲಿ ವಿಳಾಸ ತೋರಿಸಿದವನಿಗೆ, ಲಿಫ್ಟ್ ಕೊಟ್ಟವನಿಗೆ, ಮತ್ತೆಂದೂ ಕಾಣದವನಿಗೆ ಕೊಟ್ಟು ಲೆಕ್ಕ ಚುಕ್ತಾ ಮಾಡುವ ಮಾತು. ಹೆಂಡತಿಗೆ ಹೇಳಿದರೆ ಅವಳನ್ನು ಒಂದು ಹೆಜ್ಜೆ ಹೊರಗೆ ನಿಲ್ಲಿಸಿದಂತೆ. ಅಪ್ಪನಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಆದರೂ ಕಾಫಿಗೆ, ಒಗೆದ ಅಂಗಿಗೆ, ಹಾಸಿದ ಹಾಸಿಗೆಗೆ, ಒಂದೊಂದಕ್ಕೂ ಧನ್ಯವಾದ ಬೀಳತೊಡಗಿತು. ಕೆಲಸ ಒಂದೂ ಕಮ್ಮಿಯಾಗಲಿಲ್ಲ. ಪ್ರತಿ ಕೆಲಸಕ್ಕೂ ಒಂದು ರಸೀತಿ ಸಿಗುವಂತಾಯಿತು ಅಷ್ಟೇ.

ಇಷ್ಟರಲ್ಲಿ ಒಂದು ವಿಷಯ ನನ್ನ ಗಮನಕ್ಕೆ ತಡವಾಗಿ ಬಂತು. ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಾರದಲ್ಲಿ ಕೆಲವು ದಿನ ಪಾಠ, ಉಳಿದ ದಿನ ಮನೆ. ಹಾಗೆ ಮನೆಯಲ್ಲಿದ್ದ ಒಂದು ದಿನ, ಹಿಂದಿನ ಓಣಿಯ ಆಪಾ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು. ಮನೆಯಲ್ಲೇ ಬ್ಲೌಸ್ ಹೊಲಿಯುವ ವಯಸ್ಸಾದ ಮುಸ್ಲಿಂ ಹೆಂಗಸು, ಓಣಿಗೆಲ್ಲ ಆಪಾ, ಅಂದರೆ ಅಕ್ಕ. ಅವರ ಯಜಮಾನರು ಹಾಸಿಗೆ ಹೊಲಿಯುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು.

“ಏನು ಬೇಟಿ, ನಿಮ್ಮಮ್ಮಂಗೆ ನನ್ಮೇಲೆ ಸಿಟ್ಟಾ?”

“ಇಲ್ಲವಲ್ಲ ಆಪಾ, ಯಾಕೆ?”

“ಮತ್ತೆ ಬರಾದೇ ಬಿಟ್ಟವ್ಳೆ. ಹುಕ್ಕು ಹಾಕ್ದೆ ಇರೋ ಬ್ಲೌಸು ಗುಡ್ಡೆ ಬಿದ್ದೈತೆ ನೋಡು.”

ನನಗೆ ನೆನಪಿರುವ ಕಾಲದಿಂದ ಅಮ್ಮ ದಿನಾ ನಾಲ್ಕು ಗಂಟೆಗೆ ಆಪಾ ಮನೆಗೆ ಹೋಗುತ್ತಿದ್ದಳು. ಆಪಾ ಮಷೀನು ತುಳಿಯುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ಹೊಲಿದಿಟ್ಟ ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು. ದುಡ್ಡಿಗಲ್ಲ. ಕೈಗೆ ಏನಾದರೂ ಇರಲಿ ಅಂತ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಅಲ್ಲಿ ದಿನಾ ಏನು ಮಾಡ್ತೀರಿ ಅಂತ. “ಕುಂತ್ಕಂತೀವಿ” ಎಂದಿದ್ದಳು. ಯಾರೂ ಶಾಲು ಹೊದಿಸದೆ, ಯಾರೂ ಭಾಷಣ ಮಾಡದೆ, ಅಮ್ಮ ದಿನಕ್ಕೊಂದಿಷ್ಟು ಹೊತ್ತು ನಿವೃತ್ತಳಾಗುತ್ತಿದ್ದಳು. ಅದು ಬಿಟ್ಟುಹೋಗಿ ತಿಂಗಳುಗಳಾಗಿದ್ದವು. ಅಪ್ಪ ಮಧ್ಯಾಹ್ನದ ನಿದ್ದೆಯಿಂದ ಏಳುವುದು ನಾಲ್ಕಕ್ಕೆ. ಎದ್ದ ಕೂಡಲೇ ಕಾಫಿ, ಕಾಫಿಯ ಹಿಂದೆ ಧನ್ಯವಾದ, ಅಮ್ಮ ಚಪ್ಪಲಿ ಹುಡುಕಿದರೆ ‘ಎಲ್ಲಿಗೆ? ಎಷ್ಟೊತ್ತಿಗೆ ವಾಪಸ್ಸು?’ ಮೊದಮೊದಲು ಅವಳು ಉತ್ತರ ಹೇಳಿ ಹೋದಳು. ಆಮೇಲೆ ಉತ್ತರ ಹೇಳುವುದಕ್ಕಿಂತ ಹೋಗದಿರುವುದೇ ಸುಲಭವಾಯಿತು.

ನಾನು ಸುಮ್ಮನಿರುವವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಾದಂತೆ ತಯಾರಾಗಿ, ಅಪ್ಪ ಪೇಪರು ಮಡಿಸುವುದನ್ನೇ ಕಾದು ವಿಷಯ ಎತ್ತಿದೆ. ಕೆಲಸ ಹಂಚಿಕೊಳ್ಳದ ಕೃತಜ್ಞತೆ ಬರೀ ಸದ್ದು ಎಂದೆ. ನಿವೃತ್ತಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಓವರ್‌ಟೈಮ್ ಬರಬಾರದು ಎಂದೆ. ಮನೆ ಬಸ್ ಸ್ಟ್ಯಾಂಡಲ್ಲ, ಅಮ್ಮನ ನಾಲ್ಕು ಗಂಟೆ ಅಮ್ಮನದು, ಅದನ್ನು ನೀವು ಕಾಫಿಗೆ ವಶಪಡಿಸಿಕೊಂಡಿದ್ದೀರಿ ಎಂದೆ.

“ಆ ಕಾಫಿ ನೀನೂ ಕುಡೀತೀಯಲ್ಲ” ಎಂದರು ಅಪ್ಪ.

“ಮಾತಾಡುವವರ ಮೇಲೆ ಬೀಳುವುದು ವಾದವಲ್ಲ.”

“ಹಂಗಾದ್ರೆ ಲೋಟ ಯಾಕೆ ಎರಡು ತೊಳೀಬೇಕು ಅವಳು?”

ನಾನು ಅದನ್ನು ಬದಿಗೆ ಸರಿಸಿ ಮುಂದುವರಿದೆ. ಅಡ್ಡ ಪ್ರಶ್ನೆಗೆ ಉತ್ತರಿಸುತ್ತ ನಿಂತರೆ ಸಮಯ ಹೋಗುತ್ತದೆ. ಕೊನೆಗೆ ಅಪ್ಪ ಕನ್ನಡಕ ತೆಗೆದು, “ಸರಿ ಕಣಮ್ಮ, ನೀನು ಹೇಳಾದು ನಿಜ ಐತೆ” ಎಂದರು. ಅವರು ಒಳ್ಳೆಯ ಎದುರಾಳಿ, ಸೋತಾಗ ಸೋತೆ ಎನ್ನುತ್ತಾರೆ. ಅಡುಗೆಮನೆಯ ಕಡೆ ತಿರುಗಿ, “ಏ, ಇನ್ಮೇಲೆ ನೀನು ದಿನಾ ನಾಲ್ಕಕ್ಕೆ ಆಪಾ ಮನೆಗೆ ಹೋಗು. ನಾನು ಏನೂ ಅನ್ನಲ್ಲ” ಎಂದು ಘೋಷಿಸಿದರು.

ಒಳಗಿನಿಂದ ಪಾತ್ರೆಯ ಸದ್ದು ಬಂತು.

ಅವತ್ತಿನಿಂದ ಅಪ್ಪ ಕಾಫಿಯನ್ನು ನಾಲ್ಕಕ್ಕಿಂತ ಮುಂಚೆಗೆ ತಂದರು. ಅಲಾರಾಂ ಇಟ್ಟುಕೊಂಡು ಮೊದಲೇ ಏಳತೊಡಗಿದರು. ಎದ್ದು, ನಡುಮನೆಯಲ್ಲಿ ನಿಂತು, “ನಾಲ್ಕಾಗ್ತಾ ಬಂತು, ಹೊರಡು” ಎಂದು ಕೂಗುತ್ತಿದ್ದರು. ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಇಡುತ್ತಿದ್ದರು. “ಆರಕ್ಕೆ ಬಂದ್ರೆ ಸಾಕು, ನಿಧಾನಕ್ಕೆ ಬಾ” ಎಂದು ಟೈಮಿಂಗ್ಸ್ ಕೂಡ ಕೊಡುತ್ತಿದ್ದರು. ಅಮ್ಮ ಮೊದಲ ದಿನ ತಲೆನೋವು ಎಂದಳು. ಎರಡನೇ ದಿನ ರಾಗಿ ಹಸನು ಮಾಡಬೇಕು ಎಂದಳು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು.

ನಾನು ಒಳಗೆ ಹೋಗಿ ಕೇಳಿದೆ, “ಹೋಗಮ್ಮ, ಈಗ ಯಾರು ಬೇಡ ಅಂತಾರೆ?”

“ಮನಸ್ಸಿಲ್ಲ.”

“ನಿನ್ನ ಪರವಾಗಿ ಅಷ್ಟೊತ್ತು ವಾದ ಮಾಡಿ ಗೆದ್ದೆನಲ್ಲ.”

“ನಾನು ಕೇಳಿದ್ನಾ ಮಾಡು ಅಂತ?” ಎಂದಳು, ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಜೀರಿಗೆ ಹುಡುಕುತ್ತ. “ನೀವಿಬ್ರು ಕುಂತ್ಕಂಡು ನನ್ನ ಹಂಚ್ಕಂಡ್ರಿ.”

ಒಂದು ಶುಕ್ರವಾರ, ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ಅಪ್ಪ ಸ್ನಾನಕ್ಕೆ ಹೋಗಿದ್ದರು. ಅವರು ಈಚೆ ಬಂದಾಗ ಅಮ್ಮ ಮನೆಯಲ್ಲಿ ಇರಲಿಲ್ಲ. ಅಕ್ಕಿ ತೊಳೆದಿಟ್ಟಿರಲಿಲ್ಲ, ಒಲೆ ತಣ್ಣಗಿತ್ತು. ಫೋನು ಚಾರ್ಜಿಗೆ ಹಾಕಿದ್ದಲ್ಲೇ ಇತ್ತು. ಅಪ್ಪ ಒದ್ದೆ ತಲೆಯಲ್ಲೇ ಹಿತ್ತಲಿಗೆ ಹೋಗಿ ಬಂದರು, ಮಾಳಿಗೆ ಹತ್ತಿ ಬಂದರು.

“ಎಲ್ಲಿಗೆ ಹೋದ್ಲು?”

“ಗೊತ್ತಿಲ್ಲ.”

“ಎಷ್ಟೊತ್ತಿಗೆ…” ಎಂದು ಶುರುಮಾಡಿ, ಕೇಳಿ ಪ್ರಯೋಜನವಿಲ್ಲ ಎಂದು ತಿಳಿದು ನಿಲ್ಲಿಸಿದರು.

ನಾನು ಆಪಾ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ವಾಪಸ್ಸು ಬರುವಷ್ಟರಲ್ಲಿ ಅಪ್ಪನ ಫೋನು ಮಾತಾಡುತ್ತಿತ್ತು. ಅವರ ಜಾಗಕ್ಕೆ ಬಂದ ಹೊಸ ಕಂಟ್ರೋಲರು. ಅಪ್ಪ ಸ್ಪೀಕರ್ ಹಾಕಿದ್ದರು.

“ಸಾರ್, ಅಮ್ಮೋರು ಹೊಸದುರ್ಗದ ಬಸ್ ಹತ್ತಿದ್ರು. ಜೊತೆಗೆ ಬುರ್ಕಾದೋರು ಒಬ್ರು ಅವ್ರೆ. ನಿಮಗೆ ಗೊತ್ತೈತೋ ಇಲ್ವೋ ಅಂತ ಫೋನ್ ಮಾಡ್ದೆ.”

“ಗೊತ್ತೈತೆ, ಗೊತ್ತೈತೆ” ಎಂದರು ಅಪ್ಪ. “ನಾನೇ ಕಳಿಸಿದ್ದು.”

ಫೋನಿಟ್ಟ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಊರ ಹೆಂಗಸರೆಲ್ಲ ಓಡಾಡಿ ಬಂದಿದ್ದರು. ಕಂಟ್ರೋಲರ ಹೆಂಡತಿ ಅವತ್ತೇ ಮೊದಲು ಹತ್ತಿದ್ದು. ಅಪ್ಪ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡರು. ಈಗ ಮಾಡದಕೆರೆ ದಾಟಿರಬಹುದು, ಈಗ ಹೊಸದುರ್ಗ ಮುಟ್ಟಿರಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಧ್ಯಾಹ್ನ ಇಬ್ಬರೂ ಅವಲಕ್ಕಿಗೆ ಮೊಸರು ಹಾಕಿಕೊಂಡು ತಿಂದೆವು. ಕಂಡಕ್ಟರಿಗೆ ಫೋನ್ ಮಾಡಿ ವಾಪಸ್ಸಿನ ಬಸ್ಸು ಕೇಳಲಾ ಎಂದರು. ಬೇಡ ಎಂದೆ. ಆಶ್ಚರ್ಯವೆಂದರೆ, ಅಪ್ಪ ಫೋನ್ ಮಾಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಂದಳು. ಕೈಯಲ್ಲಿ ಚೀಲವೂ ಇಲ್ಲ, ಏನೂ ಇಲ್ಲ. ಕಾಲು ತೊಳೆದು ಬಂದು ಕೂತಳು.

“ಹೇಳಿ ಹೋಗಬಾರದಾ?” ಎಂದರು ಅಪ್ಪ.

“ಹೇಳಿದ್ರೆ ನೀವೇ ಕಳಿಸ್ದಂಗೆ ಆಗೋದು.”

“ನಾನೇನು ಬ್ಯಾಡ ಅಂದಿದ್ನಾ?”

“ಅನ್ನಲಿಲ್ಲ. ಹೋಗು ಹೋಗು ಅಂದ್ರಿ. ಚಪ್ಲಿ ತಿರುಗ್ಸಿ ಇಟ್ರಿ. ಕಳಿಸ್ದ ಕಡೆ ಹೋಗಾಕೆ ನಾನೇನು ಬಸ್ಸಾ?”

ನಾನು ಅಷ್ಟು ಅಂಶ ಸೇರಿಸಿ ಹೇಳಿದ್ದರಲ್ಲಿ ಇದು ಇರಲಿಲ್ಲ ಎಂಬುದು ನನಗೆ ಹೊಳೆಯಿತು.

“ಹೊಸದುರ್ಗದಾಗೆ ಏನು ಮಾಡಿದ್ರಿ?” ಎಂದೆ ನಾನು.

“ಬಸ್ ಸ್ಟ್ಯಾಂಡಾಗೆ ಕುಂತಿದ್ವಿ. ಮೆಣಸಿನಕಾಯಿ ಬಜ್ಜಿ ತಿಂದ್ವಿ. ಬಂದ್ವಿ.” ಅಪ್ಪನ ಕಡೆ ನೋಡಿ ಸೇರಿಸಿದಳು, “ಅಲ್ಲಿ ಮೈಕಿನಾಗೆ ಕೂಗೋನು ಚೆನ್ನಾಗಿ ಕೂಗ್ತಾನೆ. ಒಂದೊಂದು ಊರೂ ಬಿಡಿಸಿ ಹೇಳ್ತಾನೆ.”

ಇಡೀ ಸೇವಾವಧಿಯಲ್ಲಿ ಅಪ್ಪನಿಗೆ ಇಷ್ಟು ದೊಡ್ಡ ಪೆಟ್ಟು ಬಿದ್ದಿರಲಿಲ್ಲ. “ಹೊಸ ಸ್ಪೀಕರ್ ಹಾಕವ್ರೆ ಅಲ್ಲಿ” ಎಂದು ಗೊಣಗಿ ಎದ್ದು ಹೋದರು.

ಮರುದಿನ ಮಧ್ಯಾಹ್ನ ಅಪ್ಪ ಎಂದಿನಂತೆ ದಿವಾನದ ಮೇಲೆ ಮಲಗಿದರು. ಅಲಾರಾಂ ಹೊಡೆಯಲಿಲ್ಲ. ನಾಲ್ಕರ ಸುಮಾರಿಗೆ ಅಮ್ಮ ಸೂಜಿಯ ಡಬ್ಬಿ ಸೆರಗಿನಲ್ಲಿ ಹಿಡಿದು ನಡುಮನೆಗೆ ಬಂದಳು. ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲಿ ಅವರು ಬಾಯಿ ತೆರೆದು ಗೊರಕೆ ಹೊಡೆಯುವವರು. ಈಗ ತುಟಿ ಬಿಗಿಯಾಗಿ ಮುಚ್ಚಿತ್ತು, ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಇಷ್ಟು ಕೆಟ್ಟ ನಟನೆಯನ್ನು ನಾನು ಶಾಲಾ ವಾರ್ಷಿಕೋತ್ಸವದಲ್ಲೂ ನೋಡಿಲ್ಲ. ಅಮ್ಮ ಒಂದು ಗಳಿಗೆ ನಿಂತು ಆ ಹೆಬ್ಬೆರಳನ್ನೇ ನೋಡಿದಳು. ಫ್ಯಾನು ಒಂದು ಪಾಯಿಂಟು ಕಡಿಮೆ ಮಾಡಿದಳು. ನನ್ನನ್ನೂ ನೋಡಿದಳು. ನಾನು ಉತ್ತರ ಪತ್ರಿಕೆಯ ಮೇಲೆ ಬಗ್ಗಿದೆ. ಗೇಟಿನ ಚಿಲಕದ ಸದ್ದಾಯಿತು.

ಆ ಸದ್ದಿನ ಹಿಂದೆಯೇ ಅಪ್ಪ ಎದ್ದು ಕೂತರು.

“ಕಾಫಿ ಮಾಡು” ಎಂದರು ನನಗೆ.

“ಯಾಕೆ ನಾನು? ನಿಮಗೆ ಕೈ ಇಲ್ಲವಾ?”

“ನಂಗೆ ಮಾಡಾಕೆ ಬರಲ್ಲ.”

“ಬರಲ್ಲ ಅನ್ನುವುದು ಕಾರಣವಲ್ಲ, ಅದು ಸ್ಥಿತಿ. ಸ್ಥಿತಿ ಬದಲಾಯಿಸಬಹುದು.”

“ನೀನು ವಯಸ್ಸಲ್ಲಿ ಚಿಕ್ಕೋಳು.”

“ನನಗೆ ಕೆಲಸ ಇದೆ, ನಿಮಗೆ ಇಲ್ಲ.”

ಹೀಗೆ ಅಡುಗೆಮನೆಯವರೆಗೂ ವಾದ ನಡೆಯಿತು. ಹಾಲು ಇಟ್ಟವರು ಅಪ್ಪ, ಒಲೆ ಹಚ್ಚಿದವಳು ನಾನು, ಆದ್ದರಿಂದ ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬ ಬಗ್ಗೆ ಎರಡೂ ಕಡೆ ಒಳ್ಳೆಯ ಅಂಶಗಳಿದ್ದವು. ಹಾಲು ಉಕ್ಕಿತು. ಒಲೆ, ಕಟ್ಟೆ, ಅಲ್ಲಿಂದ ಇಳಿದು ನೆಲ. ಇಬ್ಬರೂ ಬಟ್ಟೆ ಹಿಡಿದು ಒರೆಸಿದೆವು. ಸರಿಯಾಗಿ ಒರೆಸಲಿಲ್ಲ, ಬರ್ನರಿನ ಸುತ್ತ ಕೆನೆ ಕರಕಲಾಗಿ ಅಂಟಿಕೊಂಡಿತ್ತು. ಸೋಸಿದ ಮೇಲೆ ಉಳಿದದ್ದು ಇಬ್ಬರಿಗೂ ಅರ್ಧರ್ಧ ಲೋಟವಾಯಿತು. ಅಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿ, ಕಿಟಕಿಯಿಂದ ಓಣಿಯ ಕಡೆ ಕತ್ತು ಚಾಚಿದರು. ಆಪಾ ಮನೆಯ ಮಷೀನಿನ ಸದ್ದು ಕೇಳುತ್ತಿತ್ತು.

“ಒಲೆ ಅವಳು ಬರೋದ್ರೊಳಗೆ ಇನ್ನೊಂದ್ಸಲ ಒರೆಸಾಣ” ಎಂದರು ಅಪ್ಪ.

“ಅವಳು ಎಷ್ಟೊತ್ತಿಗೆ ಬರ್ತಾಳೆ ಅಂತ ನಮಗೆ ಗೊತ್ತಿಲ್ಲವಲ್ಲ” ಎಂದೆ.

“ಅದಕ್ಕೇ ಈಗ್ಲೇ ಒರೆಸು ಬಾ” ಎಂದು ಬಟ್ಟೆಯ ಒಂದು ತುದಿ ನನ್ನ ಕಡೆ ಎಸೆದರು. ಸೋತೆ ಎಂದೆ, ಆ ತುದಿ ಹಿಡಿದು ಬರ್ನರ್ ಉಜ್ಜಲು ಬಗ್ಗಿದೆ.