ಪೆನ್ಸಿಲ್ ಮುಟ್ಟದ ಮುಖ

“ಇದ್ಯಾರು ಸಾ?” ಎಂದು ಆಕೆ ಕೇಳಿದಾಗ ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡೆ.

ಹಳೆಯ ಓದುಗರಿಗೆ ಗೊತ್ತು, ನಾನು ವಾರದಲ್ಲಿ ಒಂದು ದಿನ ಈ ಅಂಕಣ ಬರೆಯುವವನು, ಉಳಿದ ಆರು ದಿನ ನಂಜನಗೂಡಿನ ಅಂಗಡಿ ಬೀದಿಯಲ್ಲಿ ಫೋಟೋ ತೆಗೆಯುವವನು. ಸ್ಟುಡಿಯೋ ಶುರುವಾಗಿ ಇಪ್ಪತ್ತಾರು ವರ್ಷ. ಎಸ್ಸೆಲ್ಸಿ ಹಾಲ್ ಟಿಕೆಟ್ಟಿನಿಂದ ಹಿಡಿದು ತಿಥಿ ಕಾರ್ಡಿನವರೆಗೆ ಈ ತಾಲ್ಲೂಕಿನ ಅರ್ಧ ಮುಖಗಳು ನನ್ನ ಕೈ ದಾಟಿ ಹೋಗಿವೆ. ಹೋಗುವ ಮುಂಚೆ ಸ್ವಲ್ಪ ಬೆಳ್ಳಗಾಗಿಯೂ ಹೋಗಿವೆ.

ಬೆಳ್ಳಗಾಗುವುದು ಹೇಗೆ? ಕಪ್ಪು-ಬಿಳುಪಿನ ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ ತಾನೆ? ಅಲ್ಲಿ ಮುಖದ ಮೇಲೆ ಚೂಪು ಮೊನೆಯ ಪೆನ್ಸಿಲ್ ಆಡಿಸಿದಷ್ಟೂ ಪ್ರಿಂಟಿನಲ್ಲಿ ಮುಖ ತಿಳಿಯಾಗುತ್ತದೆ. ಮೊಡವೆ ಹೋಗುತ್ತದೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ, ಇನ್ನೂ ಸ್ವಲ್ಪ ಆಡಿಸಿದರೆ ಅಪ್ಪ ಅಮ್ಮ ಕೊಟ್ಟ ಬಣ್ಣವೂ ಹೋಗುತ್ತದೆ. ಕಲರ್ ಫೋಟೋ ಬಂದು ಎಷ್ಟೋ ವರ್ಷವಾದರೂ ಹೆಣ್ಣು ತೋರಿಸುವ ಫೋಟೋ ಮಾತ್ರ ಕಪ್ಪು-ಬಿಳುಪಿನಲ್ಲೇ ತೆಗಿ ಎಂದು ತಾಯಂದಿರು ಬಂದು ಕಿವಿಯಲ್ಲಿ ಹೇಳುತ್ತಾರೆ. ಕಲರ್‌ನಲ್ಲಿ ಪೆನ್ಸಿಲ್ಲಿನ ಆಟ ನಡೆಯುವುದಿಲ್ಲವಲ್ಲ. ಈ ಸೇವೆಗೆ ನಾನು ಬೇರೆ ಚಾರ್ಜ್ ಮಾಡುವುದಿಲ್ಲ. ಬೇಕಾ ಎಂದು ಕೇಳುವುದೂ ಇಲ್ಲ. ಹೋಟೆಲಿನವನು ದೋಸೆ ಜೊತೆ ಚಟ್ನಿ ಬೇಕಾ ಅಂತ ಕೇಳುತ್ತಾನೆಯೇ?

ಈಗ ಆಕೆಯ ವಿಷಯ. ಹೆಸರು ಯೋಲಾಂಡ, ಕೆಲಸ ನರ್ಸು, ಊರು ಡೊಮಿನಿಕನ್ ರಿಪಬ್ಲಿಕ್. (ನಾನೂ ಮಗನ ಅಟ್ಲಾಸ್ ತೆಗೆದು ಹುಡುಕಿದೆ. ಎರಡು ಅಮೆರಿಕಾಗಳ ನಡುವಿನ ಕಡಲಲ್ಲಿ ಒಂದು ದ್ವೀಪ. ಅದರಲ್ಲಿ ಒಂದು ಭಾಗ ಹೈಟಿ, ಉಳಿದದ್ದು ಇವರದು. ಮಾತು ಸ್ಪ್ಯಾನಿಷ್.) ಸೂಲಗಿತ್ತಿಯರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯ ಕೆಲಸಕ್ಕಾಗಿ ಟಿ. ನರಸೀಪುರ ರಸ್ತೆಯ ಹಳ್ಳಿಯೊಂದಕ್ಕೆ ಬಂದು ಒಂದೂವರೆ ವರ್ಷ. ಊರವರ ಬಾಯಲ್ಲಿ ಯೋಲಮ್ಮ. ಕನ್ನಡ ಕಲಿತದ್ದೆಲ್ಲ ಬಾಣಂತಿ ಕೋಣೆಗಳಲ್ಲಿ. ಹಾಗಾಗಿ ಎಲ್ಲರಿಗೂ ಏಕವಚನ, ಕೊನೆಗೆ ಮರ್ಯಾದೆಗೆ ಒಂದು ‘ಸಾ’.

ವೀಸಾ ಮುಂದುವರಿಸಲು ಪಾಸ್‌ಪೋರ್ಟ್ ಸೈಜಿನ ಆರು ಫೋಟೋ ಬೇಕಾಗಿತ್ತು. ಫಾರಿನ್ನಿನವರು, ನಮ್ಮ ಊರಿನ ಮಾನದ ಪ್ರಶ್ನೆ ಅಂತ ನಾನು ಎರಡು ಗಂಟೆ ಕೂತು ಪೆನ್ಸಿಲ್ ಆಡಿಸಿದೆ. ಅಷ್ಟು ಶ್ರದ್ಧೆಯಿಂದ ನಾನು ಶಾಸಕರ ಮುಖಕ್ಕೂ ಕೆಲಸ ಮಾಡಿದವನಲ್ಲ. ಮಾರನೆಯ ಸಂಜೆ ಕವರ್ ಕೈಗಿಟ್ಟೆ. ಆಗ ಬಂದದ್ದೇ ಆ ಪ್ರಶ್ನೆ.

ನೀವೇ ಮೇಡಂ, ಚೆನ್ನಾಗಿ ಬಂದಿದೆ ಎಂದೆ. ಆಕೆ ಎದ್ದು, ಗಿರಾಕಿಗಳು ಪೌಡರ್ ಹಾಕಿಕೊಳ್ಳುವ ಕನ್ನಡಿಯ ಮುಂದೆ ನಿಂತು, ಫೋಟೋವನ್ನು ಕೆನ್ನೆಯ ಪಕ್ಕ ಹಿಡಿದು ನನ್ನನ್ನು ಕರೆದರು. ನೋಡು ಸಾ, ಇವಳು ಬೇರೆ, ನಾನು ಬೇರೆ ಅಂದರು. ನೋಡಿದೆ. ಬೇರೆಯೇ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ಸಮಾಧಾನ ಹೇಳಲು ಹೋದೆ. ನೀವು ಅಮೆರಿಕಾ ಕಡೆಯವರು, ಆಫೀಸಿನವರು ನೋಡಿ ಆಫ್ರಿಕಾದವರು ಅಂದುಕೊಂಡುಬಿಡಬಾರದು, ಅದಕ್ಕೇ ಹೀಗೆ ಮಾಡಿದೆ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳ್ಳೆಯ ಮನಸ್ಸಿನಿಂದ ನಾವು ಎಂತೆಂಥ ಮಾತು ಆಡಿಬಿಡುತ್ತೇವೆ ನೋಡಿ.

ಯೋಲಮ್ಮ ಸಿಟ್ಟಾಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ನನ್ನ ಅಕ್ಕನ ಮಗಳು ಭಾಗ್ಯ ಆಗ ಅಲ್ಲೇ ಇದ್ದಳು. ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೆಕ್ಷನ್, ಶಿಫ್ಟ್ ಮುಗಿಸಿ ಸ್ಟುಡಿಯೋಗೆ ಬಂದು ನನ್ನ ಜೊತೆ ಮನೆಗೆ ಹೋಗುವುದು ರೂಢಿ. ಮುಂದಿನದ್ದನ್ನು ಇಬ್ಬರೂ ಕೇಳಿದೆವು, ಅರ್ಧ ನರಸೀಪುರದ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ.

ಅವರ ದೇಶದ ಗುರುತಿನ ಚೀಟಿಯಲ್ಲಿ ಮೈಬಣ್ಣ ಬರೆಯಲು ಒಂದು ಜಾಗವಿದೆಯಂತೆ. ಅಲ್ಲಿ ಕಪ್ಪು ಅಂತ ಬರೆಸುವವರು ಬಹಳ ಕಮ್ಮಿ. ಕಪ್ಪಗಿರುವವರೂ ಬರೆಸುವುದು ‘ಇಂಡಿಯೋ’ ಅಂತ. ಅದು ಆ ದ್ವೀಪದ ಮೂಲನಿವಾಸಿಗಳಿಗೆ ಇಟ್ಟ ಹೆಸರು. ಆ ಜನ ಹೆಚ್ಚುಕಮ್ಮಿ ಅಳಿದು ಶತಮಾನಗಳೇ ಆದವು. ಇಲ್ಲದವರ ಬಣ್ಣವಾದರೂ ಸರಿ, ಆಫ್ರಿಕಾದ ಬಣ್ಣ ಮಾತ್ರ ಬೇಡ. ಆಫ್ರಿಕಾ ಅಂದರೆ ಗಡಿಯಾಚೆಯ ಹೈಟಿಯವರು, ನಾವಲ್ಲ ಎಂದು ಶಾಲೆಯಲ್ಲೂ ಮನೆಯಲ್ಲೂ ಕೇಳಿಕೊಂಡೇ ಈಕೆ ಬೆಳೆದದ್ದು.

ಗುಂಗುರು ಕೂದಲಿಗೆ ಅಲ್ಲಿ ‘ಕೆಟ್ಟ ಕೂದಲು’ ಎಂದೇ ಹೆಸರು. ಪ್ರತಿ ಶನಿವಾರ ತಾಯಿ ಇವರನ್ನು ಕೂರಿಸಿ ಬಿಸಿ ಮಾಡಿ, ಎಳೆದು, ನೆಟ್ಟಗೆ ಮಾಡುತ್ತಿದ್ದರಂತೆ. ಅಜ್ಜಿಯ ಉಪದೇಶ ಒಂದೇ: ನಿನಗಿಂತ ತಿಳಿ ಬಣ್ಣದವನನ್ನು ಕಟ್ಟಿಕೋ, ವಂಶ ಸುಧಾರಿಸು. ಇಪ್ಪತ್ತೆರಡನೆಯ ವಯಸ್ಸಿಗೆ ಯೋಲಮ್ಮ ಆ ನೆಟ್ಟಗಿನ ಕೂದಲನ್ನೆಲ್ಲ ಕತ್ತರಿಸಿ ಬಿಸಾಕಿದರು. ತಾಯಿ ಆರು ತಿಂಗಳು ಮಾತು ಬಿಟ್ಟರು. ಅದಾದ ಮೇಲೆ ಚೀಟಿ ಬರೆಯುವ ಕಚೇರಿಗೆ ಹೋಗಿ, ನನ್ನದನ್ನು ಕಪ್ಪು ಅಂತ ತಿದ್ದಿ ಎಂದರು. ಗುಮಾಸ್ತನಿಗೆ ಕನಿಕರ. ಓದಿದ ಹುಡುಗಿ ನೀನು, ಅಷ್ಟೇನೂ ಕಪ್ಪಗಿಲ್ಲ, ಯಾಕೆ ನಿನ್ನನ್ನು ನೀನೇ ಹಾಳು ಮಾಡಿಕೊಳ್ಳುತ್ತೀ ಎಂದನಂತೆ. ಅವನೂ ಇವರಷ್ಟೇ ಕಪ್ಪು. ಬರೆಯುವವರೆಗೂ ಈಕೆ ಕೌಂಟರ್ ಬಿಟ್ಟು ಕದಲಲಿಲ್ಲ.

ನಾನು ಬೆಪ್ಪಾಗಿ ಕೇಳುತ್ತಿದ್ದೆ. ಎಷ್ಟು ಗಟ್ಟಿ ಹೆಂಗಸು ಎಂದು ಮನಸ್ಸು ಕೈಮುಗಿಯಿತು. ಜೊತೆಗೇ ಒಂದು ಇರುಸುಮುರುಸು. ನಮ್ಮಲ್ಲಾದರೂ ಕಪ್ಪಗಿರುವವರು ಯಾರಿದ್ದಾರೆ ಹೇಳಿ? ಮದುವೆ ಬಯೋಡಾಟಾ ತೆಗೆದರೆ ಒಬ್ಬರು ಎಣ್ಣೆಗೆಂಪು, ಇನ್ನೊಬ್ಬರು ಸಾಧಾರಣ ಬಣ್ಣ, ಉಳಿದವರೆಲ್ಲ ಗೋಧಿಬಣ್ಣ. ನಾವು ಬೆಳೆಯುವುದು ಭತ್ತ ಮತ್ತು ರಾಗಿ!

ಇಲ್ಲಿನ ಹೆರಿಗೆ ಮನೆಗಳ ಬಗ್ಗೆಯೂ ಯೋಲಮ್ಮ ಹೇಳಿದರು. ಮಗು ಹುಟ್ಟಿದ ತಕ್ಷಣ ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಆಮೇಲೆ ಅಜ್ಜಿ ಮೆಲ್ಲಗೆ ಮಗುವಿನ ಕಿವಿಯ ಅಂಚು ತಿರುಗಿಸಿ ನೋಡುತ್ತಾಳೆ. ಹುಟ್ಟಿದಾಗ ಎಲ್ಲ ಮಕ್ಕಳೂ ಕೆಂಪಗಿರುತ್ತವೆ, ಮುಂದೆ ಯಾವ ಬಣ್ಣಕ್ಕೆ ತಿರುಗುತ್ತವೆ ಎಂಬುದು ಕಿವಿಯಲ್ಲಿ ಗೊತ್ತಾಗುತ್ತದೆ ಎಂಬ ನಂಬಿಕೆ. (ನನ್ನ ಕಿವಿಯನ್ನೂ ನೋಡಿದ್ದರು. ನನ್ನ ಬಣ್ಣ ನೋಡಿದವರಿಗೆ ಫಲಿತಾಂಶ ಗೊತ್ತೇ ಇದೆ.) ಮೊದಲ ಸಲ ಇದನ್ನು ಕಂಡಾಗ ಯೋಲಮ್ಮ ನಕ್ಕರಂತೆ, ನಗುತ್ತಾ ಅತ್ತರಂತೆ. ಅವರ ಅಜ್ಜಿ ಮನೆಯ ಒಂದೊಂದು ಮಗುವಿಗೂ ಮಾಡುತ್ತಿದ್ದದ್ದು ಇದನ್ನೇ. ಇಷ್ಟು ದೂರ ಬಂದರೂ ಅದೇ ಅಜ್ಜಿ, ಅದೇ ಕಿವಿ.

ಕೊನೆಗೆ ನನ್ನ ಸಮಾಧಾನದ ಮಾತಿಗೆ ಉತ್ತರ ಬಂತು. ನರಸೀಪುರ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಧಾನವಾದಾಗಲೆಲ್ಲ ನನಗೆ ನಮ್ಮ ಮುತ್ತಾತಂದಿರ ನೆನಪು ಎಂದರು. ಅವರನ್ನು ಆಫ್ರಿಕಾದಿಂದ ಸರಪಳಿ ಹಾಕಿ ಹಡಗಿನಲ್ಲಿ ತಂದದ್ದೇ ಕಬ್ಬು ಕಡಿಯಲು.

“ಅವ್ರು ಬದುಕುಳುದ್ರು, ಅದ್ಕೆ ನಾನಿವ್ನಿ,” ಎಂದರು ಯೋಲಮ್ಮ. “ಅವ್ರು ಕೊಟ್ಟಿರೋ ಮಕ ಇದು. ನೀನು ಪೆನ್ಸಿಲ್ಲಲ್ಲಿ ಅಳಿಸ್ಬುಟ್ಟಲ್ಲ ಸಾ.”

ಒಳಗೆ ಡಾರ್ಕ್ ರೂಮಿಗೆ ಹೋದೆ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸಿದರೆ ನೆಗೆಟಿವ್ ಮೇಲಿನ ಪೆನ್ಸಿಲ್ ಹೋಗುತ್ತದೆ. ಒರೆಸಿದೆ. ಹೊಸದಾಗಿ ಪ್ರಿಂಟ್ ಹಾಕಲು ಹೋದರೆ ಇನ್ನೊಂದು ಅವಮಾನ ಕಾದಿತ್ತು. ಕಪ್ಪು ಮುಖವನ್ನು ಇರುವ ಹಾಗೆ ಪ್ರಿಂಟ್ ಮಾಡುವುದು ನನಗೆ ಬರುತ್ತಲೇ ಇರಲಿಲ್ಲ. ಒಂದು ಸಲ ಮಸಿಯಾಯಿತು, ಒಂದು ಸಲ ಬೂದಿಯಾಯಿತು. ನಾಲ್ಕು ಹಾಳೆ ಹಾಳು ಮಾಡಿ ಐದನೆಯದನ್ನು ನೀರಿನಿಂದ ಎತ್ತಿದಾಗ ಕೈ ನಿಂತಿತು. ಕೆನ್ನೆಯ ಮೂಳೆಯ ಮೇಲೆ ಬೆಳಕು, ಹಣೆಯ ಮೇಲೆ ಬೆಳಕು, ತುಟಿಯ ಅಂಚಿನಲ್ಲಿ ನಗುವಿಗೆ ಮುಂಚಿನ ಒಂದು ಮಡಿಕೆ. ನನ್ನ ಪೆನ್ಸಿಲ್ ಅದನ್ನೆಲ್ಲ ತಟ್ಟೆ ಇಡ್ಲಿ ಮಾಡಿಟ್ಟಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದು. ಪಾಸ್‌ಪೋರ್ಟ್ ಸೈಜು!

ಯೋಲಮ್ಮ ನೋಡಿ, ಇವಳು ಗೊತ್ತು ನಂಗೆ ಎಂದು ನಕ್ಕು, ಬಸ್ಸಿಗೆ ಹೊರಟರು. ಬಾಗಿಲು ಹಾಕುವ ಹೊತ್ತಿಗೆ ಭಾಗ್ಯ ಬಾಯಿಬಿಟ್ಟಳು.

“ನಂದೂ ಒರ್ಸು ಮಾವ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎರಡು ವರ್ಷದಲ್ಲಿ ಮೂರು ಕಡೆಯವರು ಭಾಗ್ಯಳನ್ನು ನೋಡಲು ಬಂದಿದ್ದರು. ಮೂವರೂ ಫೋಟೋ ನೋಡಿ ಮೆಚ್ಚಿಯೇ ಬಂದವರು. ಮೂವರೂ ಉಪ್ಪಿಟ್ಟು ತಿಂದು ಹೋಗಿ, ಹುಡುಗನಿಗೆ ಈಗಲೇ ಬೇಡವಂತೆ ಎಂದು ಹೇಳಿ ಕಳಿಸಿದರು. ಎರಡನೆಯ ಕಡೆಯವರ ಜೊತೆ ಬಂದಿದ್ದ ಒಬ್ಬ ಮುದುಕಿ, ಕಾಫಿ ತಂದ ಭಾಗ್ಯಳ ಮುಂದೆಯೇ, ಫೋಟೋದಲ್ಲಿದ್ದ ಹುಡುಗಿ ಎಲ್ಲಿ ಎಂದು ಕೇಳಿದ್ದಳು. ಪಾಪ, ಕಣ್ಣು ಮಂಜು ಅಂದುಕೊಂಡಿದ್ದೆ ನಾನು. ಆ ಫೋಟೋ ತೆಗೆದು ತಿದ್ದಿದವನು ನಾನೇ. ಪ್ರೀತಿಯ ಸೋದರಮಾವ. ಭಾಗ್ಯಳನ್ನು ಮೂರು ಸಲ ಅವಳದೇ ಮನೆಯ ನಡುಮನೆಯಲ್ಲಿ ಸುಳ್ಳಿಯನ್ನಾಗಿ ಮಾಡಿದವನು.

ಅದೇ ವಾರ ಟಿ. ನರಸೀಪುರದಿಂದ ನಾಲ್ಕನೆಯ ಸಂಬಂಧ ಬಂತು. ಹುಡುಗ ಸಹಕಾರ ಸಂಘದಲ್ಲಿ ಗುಮಾಸ್ತ. ಫೋಟೋ ಕಳಿಸಿ ಅಂದರು. ನೆಗೆಟಿವ್ ಒರೆಸಿ ನಾನು ಹಾಕಿಕೊಟ್ಟ ಹೊಸ ಪ್ರಿಂಟನ್ನು ಭಾಗ್ಯ ಕವರಿಗೆ ಹಾಕಿದಳು. ಅಕ್ಕ ಕಿತ್ತುಕೊಂಡಳು. ಅಕ್ಕ ಕೆಟ್ಟವಳಲ್ಲ, ಅವಳಿಗೆ ಭಯ. ಇಪ್ಪತ್ತಾರು ತುಂಬಿದ ಮಗಳು, ಇದೂ ತಪ್ಪಿದರೆ ಮುಂದೇನು ಎಂಬ ಭಯ.

“ನೀನು ಪೇಪರ್ಗೆ ಬರಿಯಕ್ಕೆ ನನ್ ಮಗಳ ಬದುಕೇ ಬೇಕಿತ್ತಾ?” ಎಂದು ನನ್ನ ಮೇಲೆ ಹರಿಹಾಯ್ದಳು. ನೋಡಿ, ಈಗಲೂ ಬರೆಯುತ್ತಲೇ ಇದ್ದೇನೆ.

ಉತ್ತರ ಕೊಟ್ಟವಳು ಭಾಗ್ಯ. ತಿದ್ದಿದ ಫೋಟೋ ಹೋದರೆ ಆ ಫೋಟೋದವಳನ್ನೇ ಕರೆಸಿ ಕಾಫಿ ಕೊಡಿಸಿ, ನಾನಂತೂ ಅಡುಗೆಮನೆಯಿಂದ ಈಚೆಗೆ ಬರುವುದಿಲ್ಲ ಎಂದಳು. ದನಿ ಏರಿಸಲಿಲ್ಲ. ಅಮ್ಮನ ಕೈಯಿಂದ ಕವರ್ ವಾಪಸ್ ತೆಗೆದುಕೊಂಡು, ಅಂಟಿಸಿ, ತಾನೇ ಪೋಸ್ಟ್ ಮಾಡಿ ಶಿಫ್ಟಿಗೆ ಹೋದಳು.

ಒಂಬತ್ತನೆಯ ದಿನ ಕಾಗದ ಬಂತು. ಹುಡುಗಿ ಕೊಂಚ ಬಣ್ಣ ಕಮ್ಮಿ ಅನ್ನಿಸಿತು, ಆದರೂ ಬಂದು ನೋಡುತ್ತೇವೆ, ಹುಡುಗನ ಫೋಟೋ ಇಟ್ಟಿದ್ದೇವೆ ಎಂದು ಬರೆದಿದ್ದರು. ಆದರೂ ಅಂತೆ! ಅಕ್ಕನಿಗೆ ಅಷ್ಟೇ ಸಾಕಾಯಿತು, ದೇವರಿಗೆ ದೀಪ ಹಚ್ಚಿದಳು.

ನಾನು ಹುಡುಗನ ಫೋಟೋ ಕೈಗೆತ್ತಿಕೊಂಡೆ. ಕಪ್ಪು-ಬಿಳುಪು. ಕಿಟಕಿಯ ಬೆಳಕಿಗೆ ಹಿಡಿದೆ. ಮುಖ ಹುಣ್ಣಿಮೆ, ಕಾಲರಿನ ಮೇಲಿನ ಕುತ್ತಿಗೆ ಅಮಾವಾಸ್ಯೆ. ನರಸೀಪುರದ ನನ್ನ ವೃತ್ತಿಬಾಂಧವರು ಯಾರೋ ಅವಸರದಲ್ಲಿ ಕುತ್ತಿಗೆ ಮರೆತಿದ್ದರು. ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ಭಾಗ್ಯಳಿಗೆ ತೋರಿಸಿದೆ. ಅವಳು ತುಂಬ ಹೊತ್ತು ನೋಡಿದಳು. ನಗಲಿಲ್ಲ. ಪಾಪ, ಅವನಿಗೂ ಯಾರೋ ಮಾಡಿದ್ದಾರೆ ಎಂದಳು. ಆಮೇಲೆ ಇನ್‌ಲ್ಯಾಂಡ್ ಲೆಟರ್ ತೆಗೆದು ತಾನೇ ಬರೆದಳು: ಪೆನ್ಸಿಲ್ ಮುಟ್ಟದ ಫೋಟೋ ಕಳಿಸಿ, ಅದನ್ನು ನೋಡಿ ನೀವು ಬರುವುದೋ ಬೇಡವೋ ತಿಳಿಸುತ್ತೇವೆ.

ಕಾಗದ ಹೋಗಿ ಐದು ದಿನವಾಯಿತು. ಅಕ್ಕ ಬಾಗಿಲಲ್ಲೇ ನಿಂತು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾಳೆ. ನಾನೂ ಕಾಯುತ್ತೇನೆ. ನರಸೀಪುರದಲ್ಲಿ ಅವರು ಏನು ಯೋಚಿಸುತ್ತಿದ್ದಾರೋ ಗೊತ್ತಿಲ್ಲ. ಭಾಗ್ಯ ಮಾತ್ರ ಊಟದ ಡಬ್ಬಿ ಹಿಡಿದು ಎಂದಿನ ಬಸ್ಸಿಗೆ ಹೋಗುತ್ತಾಳೆ.

ಒಪ್ಪಿಗೆ ಹೇಳಬೇಕಾದವಳು ಅವಳು, ಅವಳಿಗೇನು ಅವಸರ?